ಹನ್ನೊಂದನೆಯ ಪ್ಯಾರಾ

ಲಾಸ್ ಏಂಜಲೀಸಿಗೆ ಬಂದಿಳಿದ ಮರುದಿನ ಬೆಳಿಗ್ಗೆ ಕಸ ಹಾಕಲು ಕೆಳಗಿಳಿದವಳು, ಕಾರು ನಿಲ್ಲಿಸುವ ಜಾಗದ ಮೂಲೆಯಲ್ಲಿ ದೇವರು ಸ್ಟ್ರಾ ಹಾಕಿಕೊಂಡು ಕೆಂಪು ಸೋಡಾ ಕುಡಿಯುತ್ತಿರುವುದನ್ನು ನೋಡಿದೆ. ಎದೆಮಟ್ಟದ ಕಂಬ, ಅದರ ಮೇಲೆ ಕೋಳಿಗೂಡಿನಷ್ಟು ದೊಡ್ಡ ಗುಡಿ, ಚೂಪಾದ ಚಾವಣಿ. ಒಳಗೆ ಬೆರಳುದ್ದದ ಅಜ್ಜ ಅಜ್ಜಿಯ ಬೊಂಬೆಗಳು. ಅವರ ಮುಂದೆ ಮುಚ್ಚಳ ತೆಗೆದ ಬಾಟಲಿ. ಅರ್ಧ ಖಾಲಿಯಾಗಿತ್ತು. ಬಿಸಿಲಿಗೆ ಆರಿರಬೇಕು ಎಂದು ಹೊಳೆದದ್ದು ಮೆಟ್ಟಿಲು ಹತ್ತಿ ಮೇಲೆ ಬಂದ ಮೇಲೆ.

ಮರುದಿನ ಬೆಳಿಗ್ಗೆ ಎಂದು ಬರೆದೆ. ನನ್ನ ಗಂಡ ಗಿರೀಶನನ್ನು ಕೇಳಿದರೆ, ಅಲ್ಲ, ಬಂದು ಎರಡು ವಾರವಾದ ಮೇಲೆ ತಾನೇ ಅದನ್ನು ತೋರಿಸಿದ್ದು ಎನ್ನುತ್ತಾನೆ. ಇಬ್ಬರಲ್ಲಿ ಯಾರು ಸರಿ ಎಂದು ತಿಳಿಯುವ ದಾರಿಯಿಲ್ಲ. ಮರುದಿನ ಎಂದರೆ ಕಥೆ ಚೆನ್ನಾಗಿ ಶುರುವಾಗುತ್ತದೆ, ಅದಕ್ಕೇ ಹಾಗೆ ಬರೆದೆ. ಈ ಚಾಳಿ ನನಗೆ ಹೊಸದಲ್ಲ. ಅದರಿಂದ ಏನಾಯಿತೆಂದು ಹೇಳುವುದಕ್ಕೇ ಇದನ್ನು ಬರೆಯುತ್ತಿರುವುದು.

ಅದು ಎರಡು ಸಾವಿರದ ಒಂದು. ನಮ್ಮ ಮನೆ ಹಾಲಿವುಡ್ಡಿನ ಪೂರ್ವಕ್ಕೆ, ಥಾಯ್ ಜನ ಹೆಚ್ಚಾಗಿರುವ ಬೀದಿಯಲ್ಲಿತ್ತು. ಆ ಗುಡಿಯೂ ಅವರದೇ. ಹಾಲಿವುಡ್ ಎಂದರೆ ಊರಿನವರು ಏನೇನೋ ಕಲ್ಪಿಸಿಕೊಳ್ಳುತ್ತಾರೆ. ನಮ್ಮ ಕಿಟಕಿಯಿಂದ ಕಾಣುತ್ತಿದ್ದದ್ದು ಒಂದು ಟೈರಿನ ಅಂಗಡಿ. ಕೆಳಗಿನ ಮಹಡಿಯಲ್ಲಿ ಥಾಯ್ ದಿನಸಿ ಅಂಗಡಿ. ಅದನ್ನು ನಡೆಸುತ್ತಿದ್ದ ನೊಯ್ ಎಂಬಾಕೆಯೇ ಇಡೀ ಕಟ್ಟಡವನ್ನೂ ನೋಡಿಕೊಳ್ಳುತ್ತಿದ್ದರು. ಬೀಗದ ಕೈ ಕೊಡುವ ಮೊದಲು ಅವರು ಕೇಳಿದ ಒಂದೇ ಪ್ರಶ್ನೆ ನನ್ನ ವಯಸ್ಸು. ಥಾಯ್ ಜನರಲ್ಲಿ ಎದುರಿನವರು ದೊಡ್ಡವರೋ ಚಿಕ್ಕವರೋ ತಿಳಿಯದೆ ಮಾತು ಮುಂದಕ್ಕೆ ಹೋಗುವುದಿಲ್ಲ. ದೊಡ್ಡವರು ‘ಪೀ’, ಚಿಕ್ಕವರು ‘ನೊಂಗ್’. ಅಣ್ಣ, ಅಕ್ಕ, ತಮ್ಮ, ತಂಗಿ ಎಲ್ಲ ಅದರಲ್ಲೇ ಬಂತು. ಅವರು ನನಗಿಂತ ಏಳು ವರ್ಷ ದೊಡ್ಡವರು. ಹಾಗಾಗಿ ಅವರು ಪೀ ನೊಯ್, ನಾನು ನೊಂಗ್ ವಿಮಲಾ. ಬ್ಯಾಂಕಿನಲ್ಲಿ ಮೀಸೆ ಚಿಗುರದ ಗುಮಾಸ್ತನೂ ನನ್ನನ್ನು ಬರೀ ಹೆಸರು ಹಿಡಿದು ಕರೆಯುವ ಊರಿನಲ್ಲಿ, ಒಬ್ಬರಿಗೆ ತಂಗಿಯಾದದ್ದರಿಂದ ಆದ ಸಮಾಧಾನ ಅಷ್ಟಿಷ್ಟಲ್ಲ.

ಕೆಲಸದ ಪರವಾನಗಿ ಕೈಗೆ ಬರಲು ನನಗೆ ಮೂರು ವರ್ಷ ಹಿಡಿಯಿತು. ಆ ಮೂರು ವರ್ಷವನ್ನು ನಾನು ನೊಯ್ ಅಂಗಡಿಯ ಗಲ್ಲಾದ ಪಕ್ಕದ ಸ್ಟೂಲಿನ ಮೇಲೆ ಕಳೆದೆ. ಬಾಳೆಎಲೆ, ಹುಣಸೆ, ನುಗ್ಗೆಕಾಯಿ ಎಲ್ಲ ಅಲ್ಲಿ ಮಂಜುಗಟ್ಟಿದ ರೂಪದಲ್ಲಿ ಸಿಗುತ್ತಿದ್ದವು. ಹಸಿ ಪರಂಗಿಕಾಯಿಯನ್ನು ಸೀಳಿ, ಮೆಣಸಿನಕಾಯಿ, ನಿಂಬೆ, ಬೆಲ್ಲ ಹಾಕಿ ಕಲ್ಲೊರಳಿನಲ್ಲಿ ಕುಟ್ಟಿ ನೊಯ್ ಒಂದು ತಿನಿಸು ಮಾಡುತ್ತಿದ್ದರು. ನಮ್ಮ ಕೋಸಂಬರಿಗೆ ಸಿಟ್ಟು ಬಂದರೆ ಹೀಗಿರುತ್ತದೆ ಎಂದು ನಾನು ಊರಿಗೆ ಬರೆದಿದ್ದೆ. ಎಲ್ಲರಿಗೂ ಹಾಕುವ ಮೀನಿನ ರಸವನ್ನು ನನ್ನ ಪಾಲಿಗೆ ಬಿಟ್ಟು ಉಪ್ಪು ಹಾಕುತ್ತಿದ್ದರು. ನಮ್ಮಿಬ್ಬರ ಮಾತು ನಡೆಯುತ್ತಿದ್ದದ್ದು ಮುರುಕು ಇಂಗ್ಲಿಷಿನಲ್ಲಿ. ನನಗೆ ಈಗ ಅದು ಕನ್ನಡದಲ್ಲೇ ಕೇಳಿಸುತ್ತದೆ, ಹಾಗೇ ಬರೆಯುತ್ತೇನೆ.

ಗಲ್ಲಾದ ಹಿಂದಿನ ಗೋಡೆಯ ಮೇಲೆ ಎರಡು ಫೋಟೋ ಇದ್ದವು. ಒಂದರಲ್ಲಿ ದಪ್ಪ ಕನ್ನಡಕದ ಹುಡುಗ.

“ನನ್ನಣ್ಣ, ಚಾಯ್,” ಎಂದರು ನೊಯ್. “ಬ್ಯಾಂಕಾಕಿಗೆ ಓದೋಕೆ ಹೋದ. ಬರ್ಲಿಲ್ಲ.”

ಎಪ್ಪತ್ತಾರರ ಅಕ್ಟೋಬರಿನಲ್ಲಿ ನದಿಯ ಪಕ್ಕದ ವಿಶ್ವವಿದ್ಯಾಲಯದೊಳಗೆ ಸೇರಿದ್ದ ವಿದ್ಯಾರ್ಥಿಗಳ ಮೇಲೆ ಪೊಲೀಸರು ಗುಂಡು ಹಾರಿಸಿ ಕೊಂದರಲ್ಲ, ಅಲ್ಲಿ. ಆಗ ನೊಯ್‌ಗೆ ಹದಿನೈದು. ಎರಡನೆಯ ಫೋಟೋ ಪತ್ರಿಕೆಯಿಂದ ಕತ್ತರಿಸಿದ್ದು: ಮೈತುಂಬ ಪದಕಗಳ ಬಿಳಿ ಸಮವಸ್ತ್ರದಲ್ಲಿ ಒಬ್ಬ ಮಂತ್ರಿ.

“ಇವರು ಪೀ ಲೆಕ್. ಅಣ್ಣನ ಗೆಳೆಯ. ಅಣ್ಣ ಪ್ರಾಣ ಬಿಟ್ಟಿದ್ದು ಇವರ ತೋಳಿನಲ್ಲೇ. ಒಬ್ಬನೇ ಸಾಯ್ಲಿಲ್ಲ ಅಂತ ನಮ್ಮಮ್ಮ ಕೊನೇವರೆಗೂ ಅದನ್ನೇ ಹೇಳ್ಕೊಂಡಿದ್ಳು.”

ಲೆಕ್ ಎಂದರೆ ಥಾಯ್ ಭಾಷೆಯಲ್ಲಿ ಚಿಕ್ಕವನು. ಅಲ್ಲಿ ಪ್ರತಿಯೊಬ್ಬರಿಗೂ ಮನೆಯಲ್ಲಿ ಕರೆಯುವ ಇಂಥದೊಂದು ಹೆಸರು ಇರುತ್ತದೆ. ಅವರ ದೊಡ್ಡ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ.

ಇನ್ನು ನನ್ನ ಕೆಲಸದ ವಿಷಯ. ನಮ್ಮಪ್ಪ ಚನ್ನಗಿರಿಯ ತಾಲ್ಲೂಕು ಕಚೇರಿಯ ಕಾಂಪೌಂಡಿನಲ್ಲಿ ಮೇಜು ಹಾಕಿಕೊಂಡು ಅರ್ಜಿ ಬರೆಯುತ್ತಿದ್ದರು. ವಿಧವಾ ವೇತನಕ್ಕೆ ಬಂದ ಹೆಂಗಸು, ಗಂಡ ಸತ್ತದ್ದು ಯಾವಾಗ ಎಂದರೆ, ಜೋಳದ ತೆನೆ ಹಾಲ್ಗಾಳಾಗಿದ್ದಾಗ ಎನ್ನುತ್ತಿದ್ದಳು. ಅಪ್ಪ ತಲೆಯೆತ್ತದೆ ಒಂದು ತಾರೀಖು ಬರೆಯುತ್ತಿದ್ದರು. “ಅನುಮಾನ ಇರೋ ಕಾಗದಾನ ಸಾಹೇಬರು ಮುಟ್ಟಲ್ಲ ಕಣಮ್ಮ,” ಎನ್ನುತ್ತಿದ್ದರು ನನಗೆ. ಅದರಲ್ಲಿ ತಪ್ಪೇನೂ ನಮಗೆ ಕಂಡಿರಲಿಲ್ಲ. ನಮ್ಮ ತಲೆಮಾರಿನ ಅರ್ಧ ಜನ ಹುಟ್ಟಿದ್ದು ಜೂನ್ ಒಂದರಂದು, ಯಾಕೆಂದರೆ ಶಾಲೆಗೆ ಸೇರಿಸುವ ದಿನ ಹೆಡ್‌ಮಾಸ್ತರು ಹಾಗೆ ಬರೆದುಕೊಂಡರು. ಗಿರೀಶನೂ ಕಾಗದದ ಮೇಲೆ ಜೂನ್ ಒಂದರವನೇ. ಎರಡು ಸಾವಿರದ ನಾಲ್ಕರಲ್ಲಿ ಅವನಿಗೆ ಸ್ಯಾನ್ ಡಿಯಾಗೋದ ಸೊರೆಂಟೊ ವ್ಯಾಲಿಯಲ್ಲಿ ಟೆಲಿಕಾಂ ಕೆಲಸ ಸಿಕ್ಕಿತು. ಮುಂದಿನ ಜೂನಿನಲ್ಲಿ ಅವನ ಆಫೀಸಿನವರು ಮೂವರು ಭಾರತೀಯರಿಗೆ ಸೇರಿಸಿ ಒಂದೇ ಕೇಕು ತಂದು, ಎಂಥ ಕಾಕತಾಳೀಯ ಎಂದು ಬೆರಗಾದರಂತೆ.

“ಮೂರು ಜನಾನೂ ಊದಿದ್ವಿ,” ಎಂದ ಗಿರೀಶ. “ಒಬ್ನೂ ಅವತ್ತು ಹುಟ್ಟಿಲ್ಲ.”

ಅವನು ದಕ್ಷಿಣಕ್ಕೆ ಹೋದ. ಅದೇ ವರ್ಷ ನನಗೆ ಲಾಸ್ ಏಂಜಲೀಸಿನಲ್ಲೇ ಕೆಲಸ ಸಿಕ್ಕಿದ್ದರಿಂದ ನಾನು ಉಳಿದೆ. ವಲಸೆಯ ಕೇಸು ನಡೆಸುವ ಒಬ್ಬ ವಯಸ್ಸಾದ ವಕೀಲರಿಗೆ, ರೇಯೆಸ್ ಎಂದಿಟ್ಟುಕೊಳ್ಳಿ, ನಾನು ಸಹಾಯಕಿ. ಸ್ವಂತ ದೇಶದಲ್ಲಿ ಜೀವಭಯವಿದೆ, ಇಲ್ಲಿ ಆಶ್ರಯ ಕೊಡಿ ಎಂದು ಬೇಡುವವರ ಪ್ರಮಾಣದ ಹೇಳಿಕೆಯನ್ನು ಪ್ಯಾರಾಗಳಿಗೆ ನಂಬರು ಹಾಕಿ ಬರೆಯುವುದು ನನ್ನ ಕೆಲಸ. ಅಪ್ಪನ ಮೇಜೇ ಸಮುದ್ರ ದಾಟಿ ಬಂದ ಹಾಗಿತ್ತು. ನಾನು ಅದರಲ್ಲಿ ಗಟ್ಟಿಗಿತ್ತಿ ಎನಿಸಿಕೊಂಡೆ. ಶುಕ್ರವಾರ ಸಂಜೆ ಓಷನ್‌ಸೈಡಿನವರೆಗೆ ಒಂದು ರೈಲು, ಅಲ್ಲಿಂದ ಕೋಸ್ಟರ್ ಎಂಬ ಕರಾವಳಿಯ ರೈಲು ಹಿಡಿದು ಗಿರೀಶನ ಮನೆಗೆ ಹೋಗುತ್ತಿದ್ದೆ. ಗಿರೀಶನ ಮನೆ ಎಂದು ಕೈ ತಾನೇ ಬರೆಯಿತು. ನಮ್ಮ ಮನೆ ಎನ್ನಬೇಕಿತ್ತು.

ಹಬ್ಬಹರಿದಿನಗಳಲ್ಲಿ ಸ್ಯಾನ್ ಡಿಯಾಗೋದಲ್ಲೇ ಇರುವ ಕಾರ್ಮೆಲ್ ವ್ಯಾಲಿಯ ಪ್ರಭಾ ಆಂಟಿಯ ದೊಡ್ಡ ಮನೆಯಲ್ಲಿ ಕನ್ನಡದವರೆಲ್ಲ ಸೇರುತ್ತಿದ್ದೆವು. “ಏನ್ರೀ ವಿಮಲಾ, ಇನ್ನೂ ಥಾಯ್‌ಗಳ ಮಧ್ಯಾನೇ ಇದೀರಾ? ನೀವು ತಂದಿರೋ ಪುಳಿಯೋಗರೇನ ಒಂದ್ಸಲ ಮೂಸಿ ನೋಡಿ ತಿನ್ಬೇಕಪ್ಪ,” ಎನ್ನುತ್ತಿದ್ದರು ಅವರು. ಎಲ್ಲರೂ ನಗುತ್ತಿದ್ದರು, ನಾನೂ ನಗುತ್ತಿದ್ದೆ. ಅವರ ಮಕ್ಕಳು ಅಮ್ಮನ ಕನ್ನಡಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟು ಮಹಡಿ ಹತ್ತಿಹೋಗುತ್ತಿದ್ದರು. ಭಾನುವಾರ ಲಾಸ್ ಏಂಜಲೀಸಿಗೆ ಹಿಂದಿರುಗಿದಾಗ ನೊಯ್ ಅಂಗಡಿಯ ಒಣಮೀನಿನ ವಾಸನೆ ಮೂಗಿಗೆ ಬಡಿದು, ಸದ್ಯ ಮನೆಗೆ ಬಂದೆ ಎನಿಸುತ್ತಿತ್ತು.

ಲೆಕ್ ಅವರನ್ನು ನಾನು ನೋಡಿದ್ದು ಎರಡು ಸಾವಿರದ ಆರರ ಸೆಪ್ಟೆಂಬರಿನಲ್ಲಿ. ಇಲ್ಲಿನ ಥಾಯ್ ಜನರ ಯಾವುದೋ ಸಮಾರಂಭಕ್ಕೆ ಬಂದವರು ಸ್ನೇಹಿತನ ತಂಗಿಯನ್ನು ಮಾತನಾಡಿಸಲು ಅಂಗಡಿಗೆ ಬಂದಿದ್ದರು. ಅದೇ ವಾರ ಅವರ ದೇಶದಲ್ಲಿ ಸೈನ್ಯ ಸರ್ಕಾರವನ್ನು ಕಿತ್ತೊಗೆಯಿತು. ಬ್ಯಾಂಕಾಕಿನ ಬೀದಿಯ ಟ್ಯಾಂಕುಗಳಿಗೆ ಜನ ಹೂ ಸಿಕ್ಕಿಸುತ್ತಿರುವುದನ್ನು ಅವರು ಅಂಗಡಿಯ ಟಿವಿಯಲ್ಲಿ ನಿಂತುಕೊಂಡೇ ನೋಡಿದರು. ಮರುದಿನ ಹೊರಡಬೇಕಿದ್ದವರು ಹೊರಡಲಿಲ್ಲ. ನೊಯ್ ಅವರಿಗೆ ಹಿಂದಿನ ಕೋಣೆ ಬಿಟ್ಟುಕೊಟ್ಟರು. ಉಪಮಂತ್ರಿಯಾಗಿದ್ದವರು ಬೆಳಿಗ್ಗೆ ಎದ್ದು ಅಕ್ಕಿ ಮೂಟೆ ಜೋಡಿಸತೊಡಗಿದರು. ಹೆಸರಿಗೆ ತಕ್ಕಂತೆ ಇರಲಿಲ್ಲ. ಬಾಗಿಲಿಗೆ ತಲೆ ತಗ್ಗಿಸಿ ಬರಬೇಕಾದ ಎತ್ತರದ ಆಳು.

ಆಶ್ರಯಕ್ಕೆ ಅರ್ಜಿ ಹಾಕಲು ಒಂದು ವರ್ಷದ ಗಡುವು. ಲೆಕ್ ಮುಂದೂಡುತ್ತಾ ಬಂದರು. ಗಡುವಿಗೆ ಇನ್ನು ಕೆಲವು ವಾರ ಇದೆ ಎಂದಾಗ ರೇಯೆಸ್ ನನಗೆ, ಹೇಗಾದರೂ ಮಾಡಿ ಅವರಿಂದ ಪೂರ್ತಿ ಕಥೆ ಬರೆಸಿಕೊಂಡು ಬಾ ಎಂದರು. ಅಂಗಡಿಯಲ್ಲಿ ಲೆಕ್ ಮನಸ್ಸು ಬಿಚ್ಚಿ ಮಾತನಾಡುತ್ತಿರಲಿಲ್ಲ. ನೊಯ್ ಇದ್ದರೆ ಪಟಪಟನೆ ಹಳೆಯ ಭಾಷಣದಂತೆ ಮಾತನಾಡುತ್ತಿದ್ದರು. ಅದಕ್ಕೇ ಒಂದು ಶುಕ್ರವಾರ ಅವರನ್ನೂ ರೈಲು ಹತ್ತಿಸಿಕೊಂಡು ಸ್ಯಾನ್ ಡಿಯಾಗೋಗೆ ಹೋದೆ.

ಗಿರೀಶ ಬಿಸಿಬೇಳೆಬಾತ್ ಮಾಡಿದ್ದ. ಊಟವಾದ ಮೇಲೆ ಲೆಕ್ ಎಲ್ಲರ ತಟ್ಟೆ ತೆಗೆದುಕೊಂಡು ಹೋಗಿ ನಲ್ಲಿ ಬಿಟ್ಟರು.

“ಏನೇ ಇದು, ಮಿನಿಸ್ಟರ್ ಆಗಿದ್ದೋರು ಪಾತ್ರೆ ತೊಳೀತಿದಾರೆ,” ಎಂದು ಗಿರೀಶ ಪಿಸುಗುಟ್ಟಿದ. “ನಮ್ಮೂರಲ್ಲಿ ಪಂಚಾಯ್ತಿ ಮೆಂಬರ್ರೂ ತಟ್ಟೆ ಎತ್ತಲ್ಲ.”

“ಕಾಡಲ್ಲಿದ್ರಂತೆ ನಾಲ್ಕು ವರ್ಷ. ಅಭ್ಯಾಸ ಆಗಿರುತ್ತೆ.”

“ಹಾಗಾದ್ರೆ ನಿನ್ನೂ ಒಂದ್ವರ್ಷ ಕಾಡಿಗೆ ಕಳಿಸ್ಬೇಕು.”

ಮರುದಿನ ಕಡಲ ದಂಡೆಯಲ್ಲಿ ನಾನು ನೋಟ್‌ಬುಕ್ ತೆರೆದು ಕುಳಿತೆ. ಲೆಕ್ ಚಪ್ಪಲಿ ಬಿಚ್ಚಿ ಕಾಲನ್ನು ಮರಳೊಳಗೆ ಹೂತುಕೊಂಡು ನಿಧಾನ ಇಂಗ್ಲಿಷಿನಲ್ಲಿ ಹೇಳುತ್ತಾ ಹೋದರು. ಅಪ್ಪ ಈಶಾನ್ಯದ ಬಡ ಜಿಲ್ಲೆಯಲ್ಲಿ ಶಾಲಾ ಮಾಸ್ತರು. ಚರ್ಚಾಸ್ಪರ್ಧೆಗಳಲ್ಲಿ ಗೆದ್ದು ಬ್ಯಾಂಕಾಕಿಗೆ ಬಂದದ್ದು. ವಿದ್ಯಾರ್ಥಿ ಸಂಘ, ಮೆರವಣಿಗೆ, ಭಿತ್ತಿಪತ್ರ. ಆ ಅಕ್ಟೋಬರ್. ಆಮೇಲೆ ಗಡಿಯ ಕಾಡು, ಕಮ್ಯುನಿಸ್ಟ್ ಬಂಡುಕೋರರ ಜೊತೆ. ಅಲ್ಲಿ ಬಂದೂಕು ಹಿಡಿದದ್ದಕ್ಕಿಂತ ಇಂಜೆಕ್ಷನ್ ಚುಚ್ಚಿದ್ದೇ ಹೆಚ್ಚು. ಸರ್ಕಾರ ಕ್ಷಮಾದಾನ ಘೋಷಿಸಿದಾಗ ಸೊಳ್ಳೆಜ್ವರದಲ್ಲಿ ನಡುಗುತ್ತ ಹೊರಬಂದದ್ದು, ಪಠ್ಯಪುಸ್ತಕ ಮಾರಿದ್ದು, ಒಂದು ಚುನಾವಣೆ ಸೋತದ್ದು, ಮೂರು ಗೆದ್ದದ್ದು.

“ಸೋತ ಚುನಾವಣೆಯಲ್ಲಿ ನಾನು ಭೂಮಿ, ನೀರು, ಬೆಲೆ ಅಂತ ಮಾತಾಡಿದ್ದೆ,” ಎಂದರು. “ಎರಡನೇ ಸಲ ಒಂದು ಹಳ್ಳಿಯ ಸ್ಟೇಜಿನ ಮೇಲೆ ಮಾತು ನಿಂತುಹೋಯ್ತು. ಏನೂ ತೋಚದೆ ಚಾಯ್ ವಿಷಯ ಹೇಳಿದೆ. ನನ್ನ ತೋಳಲ್ಲಿ ಸತ್ತ ಅಂದೆ. ಹೆಂಗಸರು ಅತ್ತರು. ಆಮೇಲೆ ಪ್ರತಿ ಊರಲ್ಲೂ ಅದೇ ಹೇಳಿದೆ.”

“ನಿಜ ತಾನೆ ಅದು?”

ಅವರು ನನ್ನ ನೋಟ್‌ಬುಕ್ ಮುಚ್ಚಿದರು. ಇಲ್ಲ, ಮುಚ್ಚಲಿಲ್ಲ, ಮುಂದಿನ ಮಾತುಗಳೆಲ್ಲ ಆ ಪುಟದಲ್ಲಿ ನನ್ನ ಅಕ್ಷರದಲ್ಲೇ ಇವೆ. ಆದರೂ ನನ್ನ ನೆನಪಿನಲ್ಲಿ ಅವರ ಕೈ ನೋಟ್‌ಬುಕ್ಕಿನ ಮೇಲಿದೆ.

“ನನ್ನ ತಲೆಯೊಳಗೆ ಮೂರು ಇದೆ, ನೊಂಗ್. ಒಂದು, ಅವನು ನನ್ನ ತೋಳಲ್ಲಿ ಸತ್ತ. ಅದು ಸ್ಟೇಜಿನ ಮೇಲೆ ಹುಟ್ಟಿದ್ದು, ಯಾವ ಊರು ಅಂತಾನೂ ನೆನಪಿದೆ. ಎರಡು, ತೊಡೆಗೆ ಗುಂಡು ಬಿದ್ದಿದೆ, ಜೀವ ಇದೆ, ನಾನು ಅವನ ಕೈ ಹಿಡಿದು ನದಿ ಕಡೆ ಎಳೀತಿದೀನಿ. ಭಾರ. ಬಿಟ್ಟೆ. ಮೂರು, ನಾನು ಆಗಲೇ ನೀರಲ್ಲಿದೀನಿ, ಅವನು ಸತ್ತಿದ್ದು ಯಾರೋ ಆಮೇಲೆ ಹೇಳಿದ್ರು. ಎರಡನೇದೋ ಮೂರನೇದೋ ಗೊತ್ತಿಲ್ಲ. ಮೊದಲನೇದಂತೂ ಅಲ್ಲ.”

ಆಮೇಲೆ ಇನ್ನೊಂದು ಮಾತು ಹೇಳಿದರು. ಎರಡು ಸಾವಿರದ ಮೂರರಲ್ಲಿ ಅವರದೇ ಸರ್ಕಾರ ಮಾದಕವಸ್ತು ಮಾರುವವರ ಮೇಲೆ ಕಾರ್ಯಾಚರಣೆ ಎಂದು ಹೊರಟು, ವಿಚಾರಣೆಯಿಲ್ಲದೆ ಎಷ್ಟೋ ಜನ ಸತ್ತರು. ಅವರ ಕ್ಷೇತ್ರದ ಒಬ್ಬ ತಾಯಿ ಮಗನ ಫೋಟೋ ಹಿಡಿದು ಕಚೇರಿಗೆ ಬಂದಳು. ಲೆಕ್ ಅವಳಿಗೆ ಚಹಾ ಕುಡಿಸಿ, ಚಾಯ್ ಕಥೆ ಹೇಳಿ, ನನಗೂ ನೋವು ಗೊತ್ತು ತಾಯಿ ಎಂದು ಕಳುಹಿಸಿಕೊಟ್ಟರು. ಸದನದಲ್ಲಿ ಬಾಯಿ ತೆರೆಯಲಿಲ್ಲ. ಅವತ್ತಿನಿಂದ ಆ ಕಥೆ ಹೇಳಲು ಹೋದರೆ ನಾಲಿಗೆ ತಡವರಿಸುತ್ತದೆ ಎಂದರು.

“ಹಾಗಾದ್ರೆ ಏನು ಬರೀಲಿ, ಪೀ?”

“ಹೀಗೇ ಬರಿ. ಗೊತ್ತಿಲ್ಲ ಅಂತಾನೇ ಬರಿ. ಸಹಿ ಹಾಕೋ ಮೊದಲು ನೊಯ್ ಅದನ್ನ ಥಾಯ್‌ನಲ್ಲಿ ಓದಿ ಹೇಳ್ತಾಳಲ್ಲ?”

ಹೌದು, ಹೇಳಿಕೆಯನ್ನು ಅವರವರ ಭಾಷೆಯಲ್ಲಿ ಓದಿಸುವುದು ನಮ್ಮ ಆಫೀಸಿನ ಕ್ರಮ, ಥಾಯ್‌ಗೆ ನೊಯ್ ಬರುತ್ತಿದ್ದರು. ಅವರು ಕೆಲಸದ ವಿಚಾರವಾಗಿ ಕೇಳಿದರು ಎಂದುಕೊಂಡೆ. ಅಂದುಕೊಂಡೆನೋ, ಅಂದುಕೊಂಡವಳ ಹಾಗೆ ಇದ್ದುಬಿಟ್ಟೆನೋ, ಅದನ್ನು ಇಂದಿಗೂ ಪ್ರಮಾಣ ಮಾಡಿ ಹೇಳಲಾರೆ. ಮೂವತ್ತು ವರ್ಷ ನೊಯ್ ಮುಖ ನೋಡಿ ಹೇಳಲಾಗದ್ದನ್ನು ಆ ಮನುಷ್ಯ ಒಂದು ಕಾಗದದ ಮೂಲಕ ಅವರ ಬಾಯಿಂದಲೇ ಓದಿಸಲು ಹೊರಟಿದ್ದರು. ಅದಕ್ಕೆ ಬೇಕಾಗಿದ್ದದ್ದು ನಾನು ಕೇಳಿದ್ದನ್ನು ಕೇಳಿದ ಹಾಗೆ ಬರೆಯುವುದು, ಅಷ್ಟೇ.

ಸೋಮವಾರ ಆಫೀಸಿನಲ್ಲಿ ಕುಳಿತು ಬರೆದೆ. ಹತ್ತು ಪ್ಯಾರಾ ಸಲೀಸಾಗಿ ಬಂದವು. ಹನ್ನೊಂದನೆಯದು ಚಾಯ್ ಸಾವು. ಪಕ್ಕದಲ್ಲಿ ಲಗತ್ತಿಸಬೇಕಾದ ಪತ್ರಿಕೆಯ ತುಣುಕುಗಳಿದ್ದವು. ಒಂದೊಂದರಲ್ಲೂ ಲೆಕ್ ತೋಳುಗಳಲ್ಲಿ ಗೆಳೆಯ ಸಾಯುತ್ತಿದ್ದ. ‘ನನಗೆ ಗೊತ್ತಿಲ್ಲ’ ಎಂದು ಟೈಪ್ ಮಾಡಿದೆ. ಅಳಿಸಿದೆ. ಅನುಮಾನ ಇರುವ ಕಾಗದ. ಒಂದು ಮಾತು ಅಲುಗಿದರೆ ಉಳಿದದ್ದನ್ನೂ ನಂಬಲಾರರು, ಇವರನ್ನು ವಾಪಸು ಕಳಿಸುತ್ತಾರೆ ಎಂದುಕೊಂಡೆ. ನೊಯ್ ಮುಖವೂ ಕಣ್ಣ ಮುಂದೆ ಬಂತು. ಆ ಮುಖ ಕಲ್ಲಾಗುವುದನ್ನು ಎದುರಿಗೆ ಕುಳಿತು ನೋಡಬೇಕಾದವಳು ನಾನು. ಇದರಲ್ಲಿ ಲೆಕ್ ಮೇಲಿನ ಕಾಳಜಿ ಎಷ್ಟು, ನನ್ನ ಸ್ಟೂಲಿನ ಮೇಲಿನ ಆಸೆ ಎಷ್ಟು ಎಂದು ಬಿಡಿಸಿ ಹೇಳಲಾರೆ. ‘ಅವನು ನನ್ನ ತೋಳುಗಳಲ್ಲಿ ಕೊನೆಯುಸಿರೆಳೆದ’ ಎಂದು ಬರೆದೆ. ಚೆನ್ನಾಗಿಯೇ ಬರೆದಿದ್ದೆ.

ರೇಯೆಸ್ ಕೋಣೆಯಲ್ಲಿ ನೊಯ್ ಕನ್ನಡಕ ಹಾಕಿಕೊಂಡು ಒಂದೊಂದೇ ಪ್ಯಾರಾ ಥಾಯ್‌ಗೆ ತಿರುಗಿಸಿ ಓದಿದರು. ಹನ್ನೊಂದಕ್ಕೆ ಬರುವಾಗ ಲೆಕ್ ಎರಡು ಕೈಯನ್ನೂ ಮೇಜಿನ ಮೇಲಿಟ್ಟು, ಏಟಿಗೆ ಸಿದ್ಧರಾದವರಂತೆ ಕುಳಿತಿದ್ದರು. ನೊಯ್ ಓದಿ ಕಣ್ಣೊರೆಸಿಕೊಂಡರು. ಹನ್ನೆರಡಕ್ಕೆ ಹೋದರು. ಲೆಕ್ ನನ್ನ ಕಡೆ ನೋಡಿದರು. ನೋಡಿದರು ಎಂದೇ ನಂಬಿದ್ದೇನೆ. ನಾನು ಪೆನ್ನಿನ ಮುಚ್ಚಳ ಹುಡುಕುತ್ತಿದ್ದೆ. ಆಮೇಲೆ ಸಹಿ ಹಾಕಿದರು. ಯಾಕೆ ತಡೆಯಲಿಲ್ಲ ಎಂದು ನೀವು ಕೇಳಬಹುದು. ನೊಯ್ ಅಳುತ್ತಿದ್ದರು. ಮೂವತ್ತು ವರ್ಷದಿಂದ ಅವರನ್ನು ತಡೆದದ್ದೂ ಅದೇ ಇರಬೇಕು.

ಎರಡು ತಿಂಗಳ ಮೇಲೆ ಸಂದರ್ಶನ. ಅರ್ಜಿದಾರರು ಭಾಷಾಂತರಕ್ಕೆ ತಮ್ಮವರನ್ನೇ ಕರೆತರಬೇಕು. ಕಸುಬಿನ ದುಭಾಷಿಯೊಬ್ಬರನ್ನು ಗೊತ್ತು ಮಾಡೋಣ ಎಂದರು ರೇಯೆಸ್. ಲೆಕ್ ಒಪ್ಪಲಿಲ್ಲ, ನೊಯ್ ಬರಲಿ ಎಂದು ಹಟ ಹಿಡಿದರು. ಹಟದ ಅರ್ಥ ಆಗಲಾದರೂ ನನಗೆ ಆಗಬೇಕಿತ್ತು.

ಅವರು ಒಳಗೆ ಹೋದರು. ನಾನು ಹೊರಗಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತೆ. ಆದರೆ ಈಗ ಕಣ್ಣು ಮುಚ್ಚಿದರೆ ಒಳಗಿನ ಕೋಣೆಯೇ ಕಾಣುತ್ತದೆ. ಅದನ್ನೆಲ್ಲ ಕಟ್ಟಿಕೊಂಡದ್ದು ಹಿಂದಿರುಗುವಾಗ ಕಾರಿನಲ್ಲಿ ನೊಯ್ ಹೇಳಿದ ನಾಲ್ಕು ಮಾತಿನಿಂದ. ಲೆಕ್ ರೇಯೆಸ್ ಅವರ ಕಾರಿನಲ್ಲಿ ಬರುತ್ತಿದ್ದರು. ನೊಯ್ ನನ್ನ ಪಕ್ಕದಲ್ಲಿದ್ದರು. ಫ್ರೀವೇಯಲ್ಲಿ ಎಲ್ಲ ಕಾರುಗಳೂ ನಿಂತುಬಿಟ್ಟಿದ್ದವು.

“ಶುರುವಿಗೇ ಆ ಆಫೀಸರಮ್ಮ ಹೇಳಿದ್ರು,” ಎಂದರು ನೊಯ್. “ಅವರು ಹೀಗಂತಾರೆ, ಹಾಗಂತಾರೆ ಅನ್ಬೇಡಿ. ಅವರ ಬಾಯಲ್ಲಿ ‘ನಾನು’ ಅಂತ ಬಂದ್ರೆ ನೀವೂ ‘ನಾನು’ ಅಂತಾನೇ ಹೇಳಿ.”

ಆಮೇಲೆ ತಮ್ಮ ಕಡೆಯ ಕಿಟಕಿಯ ಗಾಜು ಇಳಿಸಿದರು.

“ಗೆಳೆಯ ಹೇಗೆ ಸತ್ತ ಅಂತ ಕೇಳಿದ್ರು. ಅವನು ಹೇಳಿದ. ನಾನು ಇಂಗ್ಲಿಷಲ್ಲಿ ಹೇಳ್ದೆ. ‘ಕೈ ಬಿಟ್ಟಿರಬಹುದು. ನನಗೆ ಗೊತ್ತಿಲ್ಲ. ತೋಳಲ್ಲಿ ಸತ್ತ ಅಂದಿದ್ದು ಸುಳ್ಳು.’ ನನ್ನ ಬಾಯಿಂದಾನೇ ಹೇಳ್ದೆ. ಆಫೀಸರಮ್ಮ ಕಾಗದ ತಿರುಗಿಸಿ, ಇಲ್ಲಿ ಬೇರೆ ಬರೆದಿದೆಯಲ್ಲ ಅಂದ್ರು.”

ಮೊದಲ ಸಲ ಅವರು ಲೆಕ್ ಅವರನ್ನು ಪೀ ಎನ್ನದೆ ಮಾತನಾಡುತ್ತಿದ್ದರು.

“ಆ ಕಾಗದ ಬರೆದಿದ್ದು ನೀನಲ್ವಾ, ನೊಂಗ್? ನಿನಗೆ ಏನು ಹೇಳಿದ್ದ?”

ಮುಂದಿನ ಕಾರು ಒಂದು ಮಾರು ಸರಿಯಿತು. ನಾನೂ ಸರಿದೆ.

“ಅಲ್ಲಿ ಬರೆದಿರೋದೇ ಹೇಳಿದ್ರು, ಪೀ.”

“ನನಗೆ ಗೊತ್ತಿತ್ತು,” ಎಂದರು ನೊಯ್. “ಕಾಗದದಲ್ಲೂ ಸುಳ್ಳೇ ಬರೆಸಿದ.”

ಆ ಸಂಜೆ ಅವರು ಗೋಡೆಯಿಂದ ಮಂತ್ರಿಯ ಫೋಟೋ ತೆಗೆದರು. ಲೆಕ್ ಬೇರೆ ಕೋಣೆ ನೋಡಿಕೊಂಡು ಹೋದರು. ಹೇಳಿಕೆಗೂ ಮಾತಿಗೂ ಹೊಂದದ್ದರಿಂದ ಕೇಸು ಕೋರ್ಟಿಗೆ ಹೋಗುತ್ತದೆ ಎಂಬ ಪತ್ರ ಬಂತು. ಬರೆಯುವಾಗ ತಪ್ಪಾಯಿತು ಎಂದು ನಾನೊಂದು ಪತ್ರ ಬರೆದುಕೊಟ್ಟಿದ್ದರೆ ಏನಾದರೂ ಆಗುತ್ತಿತ್ತೋ ಏನೋ. ರೇಯೆಸ್ ಕೇಳಿದಾಗ ನಾನು ಅವರಿಗೂ ನೊಯ್‌ಗೆ ಕೊಟ್ಟ ಉತ್ತರವನ್ನೇ ಕೊಟ್ಟೆ. ಲೆಕ್ ಅವರ ಬಾಯಿಂದ ನನ್ನ ಹೆಸರು ಬರಲಿಲ್ಲ. ಊರಿನಲ್ಲಿ ಮತ್ತೆ ಚುನಾವಣೆ ನಡೆದು ಗಾಳಿ ತಿರುಗಿದೆ, ಹೋಗುತ್ತೇನೆ ಎಂದು ಅರ್ಜಿ ವಾಪಸು ಪಡೆದರು. ಎರಡು ಸಾವಿರದ ಎಂಟರ ಆರಂಭದಲ್ಲಿ ಅವರನ್ನು ವಿಮಾನ ನಿಲ್ದಾಣಕ್ಕೆ ಬಿಟ್ಟವಳು ನಾನು. ನೊಯ್ ಬರಲಿಲ್ಲ.

ಸೂಟ್‌ಕೇಸು ಇಳಿಸುತ್ತಾ ಲೆಕ್ ಹೇಳಿದರು: “ಎಷ್ಟು ಚೆನ್ನಾಗಿ ಬರೀತೀಯ, ನೊಂಗ್. ನನ್ನ ಭಾಷಣ ಬರೆಯೋಕೆ ನೀನು ಇದ್ದಿದ್ರೆ ನಾನು ಪ್ರಧಾನಿ ಆಗ್ತಿದ್ದೆ.”

ಅವರು ನಕ್ಕರು. ಬೈದಿದ್ದರೆ ಕ್ಷಮೆ ಕೇಳಲು ದಾರಿಯಾಗುತ್ತಿತ್ತು.

ಅಂಗಡಿಯ ಸ್ಟೂಲಿನ ಮೇಲೆ ಕುಳಿತುಕೊಳ್ಳುವುದು ನನ್ನಿಂದ ಆಗಲಿಲ್ಲ. ಬೇಸಿಗೆಗೆ ಕೆಲಸ ಬಿಟ್ಟು, ಮನೆ ಖಾಲಿ ಮಾಡಿ ಸ್ಯಾನ್ ಡಿಯಾಗೋಗೆ ಬಂದೆ. “ಸದ್ಯ, ಈಗ ನಮ್ಮೋರಾದ್ರಿ,” ಎಂದರು ಪ್ರಭಾ ಆಂಟಿ. ಇಲ್ಲಿ ಎಲ್ಲ ಇದೆ. ಮಾತಿಗೆ ಕನ್ನಡವಿದೆ, ಅಂಗಳದಲ್ಲಿ ಕರಿಬೇವಿನ ಕುಂಡವಿದೆ, ದೇವಸ್ಥಾನ ಬೇಕೆನಿಸಿದರೆ ಕ್ಯಾಲಬಾಸಸ್‌ಗೆ ಹೋಗಿಬರಲು ನಾಲ್ಕು ಮನೆಯವರ ಕಾರಿದೆ. ಆದರೆ ಇಲ್ಲಿ ಯಾರಿಗೂ ನಾನು ತಂಗಿಯಲ್ಲ. ಲಾಸ್ ಏಂಜಲೀಸಿನಲ್ಲಿ ಒಬ್ಬರಿಗೆ ತಂಗಿಯಾಗಿದ್ದೆ, ಅವರಿಗೆ ಮೋಸ ಮಾಡಿ ಬಂದೆ. ಗಿರೀಶನಿಗೆ ಎಲ್ಲ ಹೇಳಿದೆ. ಅವನು ಸಮಾಧಾನ ಮಾಡಲಿಲ್ಲ. “ಹೋಗಿ ಹೇಳ್ಬಿಡು. ಎಷ್ಟು ದಿನ ಅಂತ ಹೀಗೆ ಅನ್ನ ಕಲೆಸ್ತಾ ಕೂತಿರ್ತೀಯ?” ಎಂದ.

ಹೋದ ತಿಂಗಳು ಹೋದೆ. ಹೇಳಬೇಕಾದ ಮಾತನ್ನು ರೈಲಿನಲ್ಲಿ ಉರು ಹೊಡೆದೆ: ‘ಪೀ, ಅವರು ನನಗೆ ನಿಜ ಹೇಳಿದ್ದರು, ಸುಳ್ಳು ಬರೆದವಳು ನಾನು.’ ನೊಯ್ ಒರಳಿನ ಮುಂದೆ ಇದ್ದರು. ಗೋಡೆಯ ಮೇಲೆ ಫೋಟೋ ಇದ್ದ ಜಾಗ ಇನ್ನೂ ಬಿಳಿಯಾಗಿತ್ತು. ನನ್ನನ್ನು ಕಂಡದ್ದೇ ಸ್ಟೂಲು ಎಳೆದು, ನಾನು ಬಾಯಿ ತೆರೆಯುವ ಮೊದಲೇ ಶುರುಮಾಡಿದರು.

“ಪೀ ಲೆಕ್ ಫೋನ್ ಮಾಡಿದ್ರು. ಎರಡು ಗಂಟೆ ಮಾತಾಡಿದ್ವಿ. ಈಗ ಅವರ ಊರಲ್ಲೇ ಇದಾರೆ. ರಾಜಕೀಯ ಸಾಕಂತೆ, ಶಾಲೆ ಮಕ್ಕಳಿಗೆ ಪಾಠ ಹೇಳ್ತಾರಂತೆ. ನಂಬೋಕಾಗಲ್ಲ, ಅವರು ಮೈಕ್ ಬಿಟ್ಟು ಇರ್ತಾರಾ?”

ಪೀ ಎಂದದ್ದು ನನ್ನ ಕಿವಿಗೆ ಬಿತ್ತು.

“ನಾನು ಕೇಳೇಬಿಟ್ಟೆ. ಕಾಗದದಲ್ಲಿ ಯಾಕೆ ಸುಳ್ಳು ಬರೆಸಿದ್ರಿ ಅಂತ. ಅದಕ್ಕೆ ಅಂದ್ರು, ಕಾಗದ ಬರೆಸೋವಾಗ ಧೈರ್ಯ ಇರ್ಲಿಲ್ಲ, ನಿನ್ನ ಮುಖ ನೋಡಿದ ಮೇಲೆ ಬಂತು, ಅಂತ. ‘ಮೂವತ್ತು ವರ್ಷದಲ್ಲಿ ನಾನು ಇದನ್ನ ಮೊದಲು ಹೇಳಿದ್ದು ನಿನಗೆ. ಇನ್ಯಾರಿಗೂ ಹೇಳಿಲ್ಲ.’ ಹಾಗಂದ್ರು.” ನೊಯ್ ಕುಟ್ಟುವುದನ್ನು ನಿಲ್ಲಿಸಿ ಒರಳಿನೊಳಗೆ ನೋಡಿದರು. “ಅಣ್ಣನ ಕೈ ಬಿಟ್ರೋ ಇಲ್ವೋ, ಅವರಿಗೇ ಗೊತ್ತಿಲ್ಲ. ಅದನ್ನ ನಾನು ಏನು ಮಾಡ್ಲಿ? ಆದ್ರೆ ಬೇರೆಯವರಿಗೆ ಹೇಳೋ ಮೊದಲು ನನಗೆ ಹೇಳಿದ್ರಲ್ಲ. ಅಷ್ಟು ಸಾಕು ನನಗೆ.” ಆಮೇಲೆ, “ನೀನೇನೋ ಹೇಳೋಕೆ ಬಂದ ಹಾಗಿತ್ತು?” ಎಂದರು.

“ಏನಿಲ್ಲ, ಪೀ. ನೋಡಿ ಹೋಗೋಣ ಅಂತ.”

ನನ್ನನ್ನು ಉಳಿಸಲು ಲೆಕ್ ಇನ್ನೊಂದು ಸುಳ್ಳು ಹೇಳಿದ್ದರು. ಆ ಸುಳ್ಳಿನ ಮೇಲೆ ಅವರಿಬ್ಬರ ನಡುವೆ ಏನೋ ಒಂದು ಮತ್ತೆ ನಿಂತುಕೊಂಡಿತ್ತು. ನಾನು ನಿಜ ಹೇಳಿದರೆ ನನ್ನ ಮನಸ್ಸು ಹಗುರಾಗುತ್ತಿತ್ತು, ನೊಯ್ ಹಿಡಿದುಕೊಂಡಿದ್ದ ಆ ‘ಮೊದಲು ನನಗೆ’ ಮುರಿದುಬೀಳುತ್ತಿತ್ತು. ಇದನ್ನೂ ನಾನು ನನ್ನ ಅನುಕೂಲಕ್ಕೆ ತಕ್ಕ ಹಾಗೆ ತಿದ್ದಿ ಯೋಚಿಸುತ್ತಿರಬಹುದು. ನನಗೆ ನನ್ನ ಮೇಲೆ ಅಷ್ಟು ನಂಬಿಕೆ ಉಳಿದಿಲ್ಲ.

ಅವರು ಬಾಳೆಎಲೆಯಲ್ಲಿ ಸುತ್ತಿಕೊಟ್ಟ ಸಿಹಿ ಅಂಟಕ್ಕಿಯ ಅನ್ನವನ್ನು ರೈಲಿನಲ್ಲಿ ತಿಂದೆ. ಊರಿನಲ್ಲಾಗಿದ್ದರೆ ಇಂಥ ವಿಷಯ ಎಷ್ಟು ದಿನ ಮುಚ್ಚಿರುತ್ತಿತ್ತು? ನಾನು ಹೇಳದಿದ್ದರೆ ಪಕ್ಕದ ಮನೆಯವರು ಹೇಳುತ್ತಿದ್ದರು. ಒಂದು ಜಗಳ, ಒಂದಷ್ಟು ದಿನದ ಮುನಿಸು, ಆಮೇಲೆ ಯಾರದೋ ಮದುವೆಯಲ್ಲಿ ರಾಜಿ. ಇಲ್ಲಿ ಥಾಯ್ ಬೀದಿಗೂ ಕಾರ್ಮೆಲ್ ವ್ಯಾಲಿಗೂ ನಡುವೆ ಓಡಾಡುವವಳು ನಾನೊಬ್ಬಳೇ. ನಾನು ಸುಮ್ಮನಿದ್ದರೆ ವಿಷಯವೂ ಸುಮ್ಮನಿರುತ್ತದೆ. ಎರಡು ಊರಿನಲ್ಲೂ ನನ್ನನ್ನು ಒಳ್ಳೆಯವಳು ಎಂದುಕೊಂಡಿದ್ದಾರೆ; ಎರಡು ಊರೂ ನನ್ನದು ಎನಿಸುವುದಿಲ್ಲ.

ಸೊರೆಂಟೊ ವ್ಯಾಲಿಯ ನಿಲ್ದಾಣದಲ್ಲಿ ಗಿರೀಶ ಕಾರಿನೊಳಗೆ ಕಾಯುತ್ತಿದ್ದ. ನಾನು ಬಾಗಿಲು ಹಾಕಿಕೊಂಡ ಮೇಲೂ ಕಾರು ಸ್ಟಾರ್ಟ್ ಮಾಡಲಿಲ್ಲ.

“ಹೇಳಿದ್ಯಾ?”

“ಇಲ್ಲ. ಹೇಳೋಕಾಗಲ್ಲ ಇನ್ನು. ಎಲ್ಲಾ ಬರೀತೀನಿ. ಇದ್ದಿದ್ದು ಇದ್ದ ಹಾಗೆ.”

“ಯಾವ ಭಾಷೇಲಿ?” ಎಂದು ಕೇಳಿದ.

ನಾನು ಸೀಟ್ ಬೆಲ್ಟ್ ಎಳೆದು ಹಾಕಿಕೊಂಡೆ.